ಶಿರಾಡಿ ಘಾಟಿ ಹತ್ತೋಕೆ ಮಾತ್ರ 95 ಆಕ್ಟೇನ್: ಪೆಟ್ರೋಲ್ ಆಯ್ಕೆಯಲ್ಲಿ ನನ್ನ ಅನುಭವ

ಎರಡು ಥರದ ಪೆಟ್ರೋಲ್ ಒಂದೇ ಟ್ಯಾಂಕಿಗೆ ಹಾಕಿದರೆ ಇಂಜಿನ್ ಕೆಡುತ್ತದೆ ಅಂತ ಹಾಸನದಲ್ಲಿ ನನಗೆ ಹೇಳದವರೇ ಇಲ್ಲ. ನಮ್ಮ ಮೆಕ್ಯಾನಿಕ್ ಅಂತೂ "ಸುಮ್ನೆ ಯಾವುದಾದ್ರೂ ಒಂದು ಹಾಕ್ಸಿ ಸಾರ್, ಆಟ ಆಡಬೇಡಿ" ಅಂದಿದ್ದ. ಈಗ ತನ್ನ ಗಿರಾಕಿಗಳಿಗೆ ಅವನೇ ನನ್ನ ಲೆಕ್ಕ ಹೇಳುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಒಂದು ಲೀಟರಿನ ಟರ್ಬೊ ಪೆಟ್ರೋಲ್ ಕಾರು. 2022ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ವಾರಕ್ಕೊಮ್ಮೆ ಮಂಗಳೂರಿಗೆ ಹೋಗಿ ಬರಬೇಕು. ಊರೊಳಗೆ, ಬೆಂಗಳೂರು ರೋಡಲ್ಲಿ ಏನೂ ತಕರಾರಿಲ್ಲ. ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ ಗುಂಡ್ಯ ದಾಟಿ ಮಾರನಹಳ್ಳಿ ಕಡೆ ಹತ್ತುವಾಗಲೇ ಕಾಟ. ನಾಲ್ಕು ಜನ, ಎಸಿ ಆನ್, ಮುಂದೆ ಲಾರಿ. ಮೂರನೇ ಗೇರಲ್ಲಿ ಕಾಲು ಒತ್ತಿದರೆ ಡಬ್ಬದಲ್ಲಿ ಕಡಲೆ ಅಲ್ಲಾಡಿಸಿದ ಹಾಗೆ ಸದ್ದು. ಇದೇ ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನಾಗೇ ಸಿಡಿಯುವುದು.

ಮೊದಲು ಇಂಜೆಕ್ಟರ್ ಕ್ಲೀನ್ ಮಾಡಿಸಿದೆ, ಎರಡೂವರೆ ಸಾವಿರ. ಸದ್ದು ಹೋಗಲಿಲ್ಲ. ಮೂರು ಪ್ಲಗ್ ಬದಲಾಯಿಸಿದೆ. ನಾಕ್ ಸೆನ್ಸರ್ ಹೋಗಿದೆ ಅಂದರು, ಅದಕ್ಕೆ ಐದಾರು ಸಾವಿರ ಬಿತ್ತು. ಆಕ್ಟೇನ್ (ಪೆಟ್ರೋಲ್ ನಾಕಿಂಗನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ) ಏರಿಸುವ ಬೂಸ್ಟರ್ ಬಾಟಲಿ ಎರಡು ಸುರಿದೆ. ಎಲ್ಲಾ ಸೇರಿ ಹನ್ನೆರಡು ಸಾವಿರ ದಾಟಿತು. ಕೊನೆಗೆ ಬೆಂಗಳೂರಿನಲ್ಲಿ 100 ಆಕ್ಟೇನ್ ಹಾಕಿಸಿದೆ. ಲೀಟರಿಗೆ ಹೆಚ್ಚುಕಮ್ಮಿ 160 ರೂಪಾಯಿ. ಸದ್ದು ನಿಂತಿತು, ನಿಜ. ಆದರೆ 35 ಲೀಟರಿಗೆ ಮಾಮೂಲಿಗಿಂತ ಎರಡು ಸಾವಿರ ಜಾಸ್ತಿ ಕೊಟ್ಟಿದ್ದೆ. ಪಿಕಪ್ಪಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ.

ಆಮೇಲೆ ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಸರಿಯಾಗಿ ಓದಿದೆ. ಕನಿಷ್ಠ 91, 95 ಆದರೆ ಒಳ್ಳೆಯದು ಅಂತ ಇತ್ತು. ಆಗ ಮಾಮೂಲಿ ಪೆಟ್ರೋಲ್ 91, ಬೆಲೆ 102ರ ಹತ್ತಿರ. 95ರದ್ದು ಆರೇಳು ರೂಪಾಯಿ ಜಾಸ್ತಿ. ಸದ್ದು ಬರೋದು ಘಾಟಿ ಹತ್ತುವಾಗ ಮಾತ್ರ ಅಲ್ವಾ? ಹಾಗಾದರೆ ಹತ್ತುವುದಕ್ಕೆ ಮಾತ್ರ 95 ಸಾಕು. ಹಾಸನದಿಂದ ಹೊರಡುವಾಗ ಮಾಮೂಲಿ. ಇಳಿಯುವ ದಾರಿ, ಇಂಜಿನ್ನಿಗೆ ಭಾರವಿಲ್ಲ. ಮಂಗಳೂರು ಮುಟ್ಟುವ ಹೊತ್ತಿಗೆ ಟ್ಯಾಂಕಲ್ಲಿ ಎಂಟು ಹತ್ತು ಲೀಟರ್ ಉಳಿಯುವ ಹಾಗೆ ನೋಡಿಕೊಳ್ಳುವುದು. ಅಲ್ಲಿ 95 ಒಂದು ಹದಿನೈದು ಲೀಟರ್. ಬೆರೆತರೆ 93ರ ಮೇಲೆ ನಿಲ್ಲುತ್ತದೆ. ನನ್ನ ಕಾರಿಗೆ ಅಷ್ಟು ಸಾಕು.

ಕಿವಿಯನ್ನೇ ನಂಬಲಿಲ್ಲ. ಒಂಬೈನೂರು ರೂಪಾಯಿಯ ಒಬಿಡಿ ಬ್ಲೂಟೂತ್ (ಇಂಜಿನ್ನಿನ ಲೆಕ್ಕ ಫೋನಿಗೆ ಕಳಿಸುವ ಸಾಧನ) ಸಿಕ್ಕಿಸಿ, ಪಕ್ಕದಲ್ಲಿ ತಮ್ಮನನ್ನು ಕೂರಿಸಿ ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ ಎಷ್ಟು ಮುಂಚೆ ಕಿಡಿ ಹೊತ್ತಿಸುತ್ತದೆ ಅನ್ನೋದನ್ನು ಬರೆಸಿದೆ; ನಾಕಿಂಗ್ ಬಂದರೆ ಇಂಜಿನ್ ಇದನ್ನು ಇಳಿಸುತ್ತದೆ. ಅದೇ ತಿರುವು, ಅದೇ ಗೇರ್. ಮಾಮೂಲಿಯಲ್ಲಿ ಆರು ಡಿಗ್ರಿಗೆ ಇಳಿಯುತ್ತಿತ್ತು. ಬೆರಕೆಯಲ್ಲಿ ಹತ್ತರ ಕೆಳಗೆ ಇಳಿಯಲೇ ಇಲ್ಲ. ಹತ್ತುವ ಮೈಲೇಜ್ ಹನ್ನೊಂದೂವರೆಯಿಂದ ಹನ್ನೆರಡೂವರೆ ಹತ್ತಿರ ಬಂತು. ಸಪಾಟು ರಸ್ತೆಯಲ್ಲಿ ಒಂದು ಪೈಸೆ ಲಾಭವಿಲ್ಲ. ಪ್ರತಿ ಟ್ರಿಪ್ಪಿಗೆ ನೂರು ರೂಪಾಯಿ ಜಾಸ್ತಿ, ಅಷ್ಟೇ. ಯಾವ ಬಂಕು, ಯಾವ ಹೊತ್ತು ಅನ್ನೋದು ನನ್ನಲ್ಲೇ ಇರಲಿ. ಆ ತಿರುವಿಗೆ ಮುಂಚೆ ಗೇರ್ ಬದಲಾಯಿಸುವ ಒಂದು ಲೆಕ್ಕವೂ ಇದೆ, ಅದನ್ನೂ ಹೇಳುವುದಿಲ್ಲ.

ಮನೆಯಲ್ಲಿ ಅಪ್ಪನ ಕಾಲದ ಕಾರ್ಬೊರೇಟರ್ ಮಾರುತಿ 800 ಇದೆ. ಅದಕ್ಕೂ ಮೂರು ಸಲ 95 ಹಾಕಿ ನೋಡಿದೆ. ಹದಿನಾರು ಕೊಡುತ್ತಿತ್ತು, ಹದಿನಾರೇ ಕೊಟ್ಟಿತು. ಅಂಥ ಗಾಡಿಗೆ ದುಬಾರಿ ಪೆಟ್ರೋಲ್ ಹಾಕಿಸುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ದುಡ್ಡಲ್ಲಿ ಏರ್ ಫಿಲ್ಟರ್ ಬದಲಾಯಿಸಿ.

ಇನ್ನೊಂದು ಪ್ರಯೋಗ, ಪೆಟ್ರೋಲಲ್ಲಿ ಎಥೆನಾಲ್ (ಬೆರೆಸುವ ಆಲ್ಕೋಹಾಲ್) ಎಷ್ಟಿದೆ ಅಂತ ನೋಡೋಕೆ. ಅಂಗಳದಲ್ಲಿ, ಬೆಂಕಿಯಿಂದ ದೂರ, ಗಾಜಿನ ಅಳತೆ ಜಾಡಿಗೆ ಹತ್ತು ಎಂಎಲ್ ನೀರು, ತೊಂಬತ್ತು ಎಂಎಲ್ ಪೆಟ್ರೋಲ್ ಹಾಕಿ ಕುಲುಕಿ ಇಟ್ಟೆ. ಮೊದಲು ಮಜ್ಜಿಗೆಯ ಹಾಗೆ ಮಸುಕು. ಕಾಲು ಗಂಟೆಗೆ ಅಡಿಯಲ್ಲಿ ತಿಳಿಯಾದ ಪದರ, ಮೇಲೆ ಪೆಟ್ರೋಲ್. 2023ರಲ್ಲಿ ಅಡಿ ಪದರ ಹತ್ತೊಂಬತ್ತರ ಸುತ್ತ ಇತ್ತು. ಕಳೆದ ವರ್ಷ 2025ರಲ್ಲಿ ಇಪ್ಪತ್ತೇಳು. ಎಥೆನಾಲ್ ನೀರಿನ ಜೊತೆ ಇಳಿದು ಕೂರುತ್ತದೆ, ಇ10 (ನೂರಕ್ಕೆ ಹತ್ತು ಪಾಲು ಎಥೆನಾಲ್) ಹೋಗಿ ಇ20 (ಇಪ್ಪತ್ತು ಪಾಲು) ಬಂದದ್ದು ಕಣ್ಣಿಗೇ ಕಂಡಿತು.

ಇ20 ಬಂದ ಮೇಲೆ ಲೆಕ್ಕ ಮತ್ತೆ ಬದಲಾಯಿತು. ಎಥೆನಾಲ್ ಆಕ್ಟೇನ್ 108ರ ಆಸುಪಾಸು, ಹಾಗಾಗಿ ಮಾಮೂಲಿ ಪೆಟ್ರೋಲ್ ಆಕ್ಟೇನೇ ಏರಿದೆ. ಅದೇ ತಿರುವಲ್ಲಿ ಈಗ ಮಾಮೂಲಿಯಲ್ಲೇ ಸದ್ದಿಲ್ಲ, ಟೈಮಿಂಗ್ ಒಂಬತ್ತು ಹತ್ತು ನಿಲ್ಲುತ್ತದೆ. ಮೈಲೇಜ್ ಮಾತ್ರ ಇಳಿದಿದೆ. ಎಥೆನಾಲಿನಲ್ಲಿ ಶಕ್ತಿ ಮೂರನೇ ಒಂದು ಪಾಲು ಕಮ್ಮಿ, ಅದಕ್ಕೆ 95 ಹಾಕಿದರೂ ಪರಿಹಾರವಿಲ್ಲ. ಹೀಗಾಗಿ ಮಂಗಳೂರಲ್ಲಿ 95 ಹಾಕಿಸುವುದನ್ನು ನಿಲ್ಲಿಸಿದ್ದೇನೆ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ತುಂಬಿದ ಕಾರಲ್ಲಿ ಹತ್ತಬೇಕಾದರೆ ಮಾತ್ರ ಹತ್ತು ಲೀಟರ್. ಎಥೆನಾಲ್ ಹಳೇ ರಬ್ಬರನ್ನು ಕೆಡಿಸುತ್ತದೆ, ಹಾಗಾಗಿ 800ಗೆ ಪೆಟ್ರೋಲ್ ಪೈಪು, ಕಾರ್ಬೊರೇಟರ್ ವಾಷರ್ ಎಲ್ಲಾ ಹೊಸದು ಹಾಕಿಸಿದೆ. ಹಳೇ ಪೈಪು ಬೆರಳಲ್ಲಿ ಒತ್ತಿದರೆ ಮೇಣದ ಹಾಗೆ ಮೆತ್ತಗಾಗಿತ್ತು.