ಒಂದೇ ಡಬ್ಬಿಯಲ್ಲಿ ರಿಪೀಟರ್ ಕಟ್ಟಿದೆ

ಚಿತ್ರದುರ್ಗದಲ್ಲಿ ಎತ್ತ ನೋಡಿದರೂ ಬಂಡೆ. ಕೈಯಲ್ಲಿ ಹಿಡಿಯುವ ಹ್ಯಾಮ್ ರೇಡಿಯೋ ಸೆಟ್ಟಿನಿಂದ ಮಾತಾಡಿದರೆ ಗುಡ್ಡದ ಆಚೆ ಇರುವವರಿಗೆ ಕೇಳೋದೇ ಇಲ್ಲ. ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು, ಆ ಕ್ಷಣವೇ ಇನ್ನೊಂದರಲ್ಲಿ ಜೋರಾಗಿ ಹೇಳುವ ರಿಪೀಟರ್ ಬೇಕಿತ್ತು. ಅದೂ ಒಬ್ಬರೇ ಹೊತ್ತು ಎತ್ತರದ ಜಾಗಕ್ಕೆ ಒಯ್ಯುವಂಥದ್ದು.

ಡಬ್ಬಿ ಚಿಕ್ಕದಾಗಿರಲಿ ಅಂತಲೇ ತರಂಗದ ಉದ್ದ ಕಡಿಮೆ ಇರುವ ಯುಎಚ್‌ಎಫ್ ಆರಿಸಿಕೊಂಡೆ. ಅದಕ್ಕಿಂತ ಉದ್ದ ತರಂಗದ 2 ಮೀಟರ್ ಬ್ಯಾಂಡಿನಲ್ಲಿ, ಕೇಳುವ ಮತ್ತು ಹೇಳುವ ಎರಡು ಫ್ರೀಕ್ವೆನ್ಸಿಗಳ ನಡುವೆ 600 ಕಿಲೋಹರ್ಟ್ಸ್ ಮಾತ್ರ ಅಂತರ. ಅವನ್ನು ಬೇರ್ಪಡಿಸೋಕೆ ಅರ್ಧ ಮೀಟರ್ ಉದ್ದದ ಕ್ಯಾವಿಟಿಗಳು, ಅಂದರೆ ಒಂದು ಫ್ರೀಕ್ವೆನ್ಸಿಗೆ ಹೊಂದಿಸುವ ಲೋಹದ ಟೊಳ್ಳು ಕೊಳವೆಗಳು ಬೇಕು. ಯುಎಚ್‌ಎಫ್‌ನಲ್ಲಿ ಕ್ಯಾವಿಟಿಯ ಉದ್ದ ನಿರ್ಧರಿಸುವ ಕಾಲು ತರಂಗ ಅಂದರೆ ಸುಮಾರು 17 ಸೆಂಟಿಮೀಟರ್ ಅಷ್ಟೇ. 3 ಮೆಗಾಹರ್ಟ್ಸ್ ಅಂತರ ಇಟ್ಟುಕೊಂಡೆ. ಒಂದೇ ಆಂಟೆನಾದಲ್ಲಿ ಕೇಳೋದನ್ನೂ ಹೇಳೋದನ್ನೂ ಬೇರ್ಪಡಿಸುವ ಆರು ಕ್ಯಾವಿಟಿಯ ಪುಟ್ಟ ಡುಪ್ಲೆಕ್ಸರ್ ಸಾಕಾಯಿತು. ನ್ಯಾನೋ ವಿಎನ್‌ಎ ಅನ್ನೋ ಪುಟ್ಟ ಅಳತೆ ಉಪಕರಣ ಇಟ್ಟುಕೊಂಡು ಒಂದು ಸಂಜೆಯಲ್ಲಿ ಟ್ಯೂನ್ ಮಾಡಿದೆ.

ಕೇಳೋಕೊಂದು ಹೇಳೋಕೊಂದು ಅಂತ ವಾಹನದಲ್ಲಿ ಕೂರಿಸುವ ಎರಡು ಹಳೇ ರೇಡಿಯೋ ಸೆಟ್, ನಡುವೆ ಅವನ್ನು ನಿಯಂತ್ರಿಸುವ ಆರ್ಡುಯಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು. ಯಾರೋ ಮಾತಾಡ್ತಾ ಮರೆತು ಬಟನ್ ಒತ್ತಿ ಕೂತರೆ 3 ನಿಮಿಷಕ್ಕೆ ಕಟ್ ಆಗುತ್ತೆ. ನನ್ನ ಹ್ಯಾಮ್ ಲೈಸೆನ್ಸ್ ಇದ್ದರೂ ರಿಪೀಟರ್‌ಗೆ ಬೇರೆ ಅನುಮತಿ ಬೇಕು. ಅದು ಬರುವ ತನಕ ಆಂಟೆನಾ ಬದಲು, ಸಿಗ್ನಲ್ ಹೊರಗೆ ಬಿಡದ ಡಮ್ಮಿ ಲೋಡಿಗೆ ಹಾಕಿಯೇ ನೋಡ್ತಿದ್ದೆ.

ಅನುಮತಿ ಬಂತು, ಟೆರೇಸಿಗೆ ಆಂಟೆನಾ ಏರಿತು. ಗೆಳೆಯ ಹೊಳಲ್ಕೆರೆ ರಸ್ತೆ ಹಿಡಿದು ಹೊರಟ. ಊರು ದಾಟುವ ಮೊದಲೇ ಅವನ ಫೋನ್. "ಅಣ್ಣಾ, ಹತ್ತುತ್ತೆ, ಆರುತ್ತೆ, ಹತ್ತುತ್ತೆ, ಆರುತ್ತೆ. ನಿಲ್ತಾನೇ ಇಲ್ಲ."

ನಮ್ಮದೇ ಟ್ರಾನ್ಸ್‌ಮಿಟರ್ ನಮ್ಮದೇ ರಿಸೀವರ್‌ನ ಕಿವಿ ಮುಚ್ಚುತ್ತಿತ್ತು. ಹೇಳುವ ಕಡೆ 10 ವ್ಯಾಟ್, ಕೇಳುವ ಕಡೆ ಬರೀ ಕಾಲು ಮೈಕ್ರೋವೋಲ್ಟಿನ ಸಿಗ್ನಲ್. ನಾಯಕನಹಟ್ಟಿ ಜಾತ್ರೆಯಲ್ಲಿ ತಮಟೆ ಪಕ್ಕ ನಿಂತು ಗುಟ್ಟು ಕೇಳಿಸಿಕೊಂಡ ಹಾಗೆ. ಡುಪ್ಲೆಕ್ಸರ್ ಸರಿಯಾಗೇ ಇತ್ತು. ಸಿಗ್ನಲ್ ಅದರೊಳಗೆ ಹಾಯದೆ ಡಬ್ಬಿಯೊಳಗೇ ಅಡ್ಡದಾರಿ ಹಿಡಿದಿತ್ತು.

ಎರಡು ಸೆಟ್‌ಗಳ ನಡುವೆ ಅಲ್ಯೂಮಿನಿಯಂ ತಗಡು ನಿಲ್ಲಿಸಿದ್ದೆ. ಮಲ್ಟಿಮೀಟರ್ ಇಟ್ಟು ನೋಡಿದರೆ ತಗಡಿಗೂ ಡಬ್ಬಿಗೂ ಸಂಪರ್ಕವೇ ಇಲ್ಲ! ಡಬ್ಬಿಯ ಬಣ್ಣ ಅಡ್ಡ ಬಂದಿತ್ತು. ತಗಡು ಕೂರುವ ಅಂಚನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿದೆ. ಬೂದು ಬಣ್ಣ ಹೋಗಿ ಕಬ್ಬಿಣ ಹೊಳೆಯುವ ತನಕ, ಒಂದು ಬೆರಳಗಲ. ಒಂದೇ ಪದರ ಹೆಣಿಗೆಯ ಆರ್‌ಜಿ-58 ಕೇಬಲ್ ಕಿತ್ತು, ಎರಡು ಪದರದ ಆರ್‌ಜಿ-400 ಹಾಕಿದೆ. ಇದರಲ್ಲಿ ಮಾತ್ರ ದುಡ್ಡು ಉಳಿಸೋಕೆ ಹೋಗಬೇಡಿ. 12 ವೋಲ್ಟ್ ತಂತಿ ತಗಡನ್ನು ದಾಟುವಲ್ಲಿ ಫೀಡ್‌ಥ್ರೂ ಕೆಪಾಸಿಟರ್ ಕೂರಿಸಿದೆ. ಅದು ವಿದ್ಯುತ್ತನ್ನು ಬಿಟ್ಟು ರೇಡಿಯೋ ಸಿಗ್ನಲನ್ನು ತಡೆಯುತ್ತೆ.

ಇನ್ನೊಂದು ಚಿಂತೆ ಬಿಸಿ. ನಮ್ಮ ಬಯಲುಸೀಮೆಯ ಏಪ್ರಿಲ್ ಗೊತ್ತಲ್ವಾ? ಹೀಟ್ ಸಿಂಕನ್ನು ಡಬ್ಬಿಯ ಹೊರಗೆ ಕೂರಿಸಿ, ಫ್ಯಾನ್ ಅದರ ಮೇಲೆ ಮಾತ್ರ ಬೀಸುವಂತೆ ಮಾಡಿದೆ. ಒಳಗೆ ಧೂಳು ಹೋಗಲ್ಲ.

ಮುಂದಿನ ಭಾನುವಾರ ಗೆಳೆಯ ಅದೇ ರಸ್ತೆಯಲ್ಲಿ ಹೋದ. ಹಿಂದೆ ಕಡಿದುಹೋಗಿದ್ದ ಜಾಗ ದಾಟಿ ತುಂಬಾ ದೂರ ಹೋದರೂ ದನಿ ಸ್ವಚ್ಛವಾಗಿ ಬರ್ತಿತ್ತು. ಮುಚ್ಚಳದ ಒಂದು ಮೂಲೆ ಬೆರಳಲ್ಲಿ ಎತ್ತಿದೆ, ಸುರ್ ಅಂತು. ಒತ್ತಿದೆ, ಮತ್ತೆ ಅವನ ದನಿ. ಅವತ್ತೇ ಸಂಜೆ ಆ ಮುಚ್ಚಳದ 4 ಸ್ಕ್ರೂಗಳನ್ನು 16 ಮಾಡಿದೆ.