ಮೀಟರ್ ಏನು ನೋಡ್ತಿದೆ? ಫಿಲಂ ಸ್ಪೀಡ್, ಎಕ್ಸ್‌ಪೋಶರ್ ಕಾಂಪನ್ಸೇಶನ್ ಬಳಸೋದು ಹೀಗೆ

ಡಿಜಿಟಲ್‌ನಿಂದ ಫಿಲಂ ಕಡೆ ಬಂದವರು ಮೊದಲು ಕೈ ಹಾಕೋದೇ ಎಎಸ್‌ಎ ಡಯಲ್‌ಗೆ, ಅಂದ್ರೆ ಫಿಲಂ ಸ್ಪೀಡ್ (ಫಿಲಂ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ನಂಬರ್) ಇಡೋ ಡಯಲ್‌ಗೆ. ನೆರಳಿಗೆ ಹೋದ್ರೆ 800, ಬಿಸಿಲಿಗೆ ಬಂದ್ರೆ 100 ಅಂತ ತಿರುಗಿಸ್ತಾನೇ ಇರ್ತಾರೆ, ಆಮೇಲೆ ಲ್ಯಾಬಿಂದ ರೋಲ್ ವಾಪಸ್ ಬಂದಾಗ ಅರ್ಧ ಫ್ರೇಮುಗಳು ತೆಳು (ಬೆಳಕು ಸಾಲದ್ದು), ಅರ್ಧ ಫ್ರೇಮುಗಳು ದಪ್ಪ (ಬೆಳಕು ಜಾಸ್ತಿಯಾದದ್ದು), ಕ್ಯಾಮೆರಾ ಕೆಟ್ಟಿದೆ ಅಂತ ಮಾರೋಕೆ ಇಡ್ತಾರೆ. ಪಾಪ ಕ್ಯಾಮೆರಾ ಏನು ಮಾಡುತ್ತೆ? ಒಳಗಿರೋದು 400ರ ಫಿಲಂ ಆದ್ರೆ 36ನೇ ಫ್ರೇಮ್ ಮುಗಿಯೋವರೆಗೂ ಅದು 400ರದ್ದೇ. ಡಯಲ್ ತಿರುಗಿಸಿದ್ರೆ ಬೆಳಕು ಅಳೆಯೋ ಮೀಟರ್‌ಗೆ ನೀವು ಹೇಳೋ ಮಾಹಿತಿ ಬದಲಾಗುತ್ತೆ, ಅಷ್ಟೇ.

ಹಾಗಾಗಿ ಮೊದಲ ಕೆಲಸ, ಡಬ್ಬಿ ಮೇಲೆ ಏನಿದೆಯೋ ಅದನ್ನೇ ಡಯಲ್‌ನಲ್ಲಿ ಇಡಿ. ಕೊಡಕ್ ಗೋಲ್ಡ್ ಆದ್ರೆ 200, ಇಲ್‌ಫೋರ್ಡ್ ಎಚ್‌ಪಿ5 ಆದ್ರೆ 400. ಹಳೇ ಕ್ಯಾಮೆರಾಗಳಲ್ಲಿ ಎಎಸ್‌ಎ ಅಂತ ಬರೆದಿರುತ್ತೆ, ಜರ್ಮನಿಯ ಕ್ಯಾಮೆರಾ ಆದ್ರೆ ಡಿಐಎನ್ ಅಂತ ಇರಬಹುದು. 1974ರಲ್ಲಿ ಇವೆರಡನ್ನೂ ಸೇರಿಸಿ ಐಎಸ್‌ಒ ಮಾಡಿದ್ರು, ಅದಕ್ಕೇ ಡಬ್ಬಿ ಮೇಲೆ 100/21° ಅಂತ ಇರೋದು. ಆ 21° ನೋಡಿ ಫ್ರಿಜ್‌ನಲ್ಲಿ ಇಡೋ ಉಷ್ಣಾಂಶ ಅಂದ್ಕೋಬೇಡಿ. ಎಎಸ್‌ಎ ಲೆಕ್ಕದಲ್ಲಿ ನಂಬರ್ ಡಬಲ್ ಆದ್ರೆ ಸ್ಪೀಡ್ ಡಬಲ್, ಡಿಐಎನ್‌ನಲ್ಲಿ 3 ಕೂಡಿದ್ರೆ ಡಬಲ್, ಅಂದ್ರೆ 100/21°, 200/24°, 400/27°. ಒಂದು ಡಬಲ್ ಅಂದ್ರೆ ಒಂದು ಸ್ಟಾಪ್, ಫಿಲಂ ಮೇಲೆ ಬೀಳೋ ಬೆಳಕನ್ನ ಡಬಲ್ ಮಾಡಿದ್ರೂ ಅರ್ಧ ಮಾಡಿದ್ರೂ ಅದು ಒಂದು ಸ್ಟಾಪೇ. ಮಧ್ಯೆ ಬರೋ 125, 160, 320 ಎಲ್ಲ ಮೂರನೇ ಒಂದು ಸ್ಟಾಪ್‌ನ ಹೆಜ್ಜೆಗಳು.

ಪಾಯಿಂಟ್ ಅಂಡ್ ಶೂಟ್ ಇದ್ರೆ ಈ ತಲೆನೋವು ಇಲ್ಲ. 1983ರಿಂದ ಬಂದ ಡಿಎಕ್ಸ್ ಕೋಡ್, ಅಂದ್ರೆ ಕ್ಯಾಸೆಟ್ ಮೇಲಿನ ಬೆಳ್ಳಿ-ಕಪ್ಪು ಚೌಕಗಳನ್ನ ಕ್ಯಾಮೆರಾನೇ ಓದ್ಕೊಳ್ಳುತ್ತೆ. ಕೋಡ್ ಇಲ್ಲದ ಕ್ಯಾಸೆಟ್ ಹಾಕಿದ್ರೆ ಬಹಳಷ್ಟು ಕ್ಯಾಮೆರಾಗಳು 100 ಅಂತ ತಿಳ್ಕೊಳ್ತವೆ, ದೊಡ್ಡ ಬಲ್ಕ್ ರೋಲ್‌ನಿಂದ ಫಿಲಂ ಕತ್ತರಿಸಿ ಖಾಲಿ ಕ್ಯಾಸೆಟ್‌ಗೆ ತಾವೇ ಸುತ್ತಿಕೊಳ್ಳೋರು ಇದನ್ನ ನೆನಪಿಟ್ಕೊಳ್ಳಿ.

ಮೀಟರ್‌ಗೆ ಗೊತ್ತಿರೋದು ಒಂದೇ ಬಣ್ಣ

ಈಗ ಕಾಂಪನ್ಸೇಶನ್, ಅಂದ್ರೆ ಮೀಟರ್ ಹೇಳಿದ್ದಕ್ಕಿಂತ ಬೆಳಕು ಬೇಕಂತಲೇ ಜಾಸ್ತಿ (ಪ್ಲಸ್) ಅಥವಾ ಕಡಿಮೆ (ಮೈನಸ್) ಕೊಡೋ ವಿಷಯಕ್ಕೆ ಬರೋಣ. ಕ್ಯಾಮೆರಾ ಒಳಗಿನ ಮೀಟರ್ ಯಾವ ಅಡುಗೆಗೂ ಒಂದೇ ಅಳತೆ ಉಪ್ಪು ಹಾಕೋ ಭಟ್ಟರ ಥರ, ಎದುರಿಗೆ ಏನೇ ಇರಲಿ ಅದು ನಡುಮಟ್ಟದ ಬೂದು ಅಂತಲೇ ಲೆಕ್ಕ ಹಾಕುತ್ತೆ. ಹಸಿರು ಗದ್ದೆ, ಹಳೇ ಟಾರ್ ರಸ್ತೆ, ಇಂಥವು ಸುಮಾರಾಗಿ ಅದೇ ಮಟ್ಟದಲ್ಲಿರೋದ್ರಿಂದ ಮೀಟರ್ ಹೇಳಿದ್ದು ಸರಿಯಾಗೇ ಇರುತ್ತೆ, ಮಂಡ್ಯದ ಗದ್ದೆ ಬಯಲಲ್ಲಿ ನಿಂತು ಫೋಟೋ ತೆಗೆಯೋರಿಗೆ ಕಾಂಪನ್ಸೇಶನ್ ಅನ್ನೋದು ಇದೆ ಅಂತಲೂ ಗೊತ್ತಾಗಲ್ಲ. ಆದ್ರೆ ಮದುವೆ ಮನೇಲಿ ಸುಣ್ಣ ಬಳಿದ ಗೋಡೆ ಮುಂದೆ ಬಿಳಿ ಪಂಚೆ ಬಿಳಿ ಶಲ್ಯದ ಮದುಮಗನನ್ನ ನಿಲ್ಲಿಸಿದ್ರೆ ಮೀಟರ್ ಕಕ್ಕಾಬಿಕ್ಕಿ. ಇಷ್ಟೊಂದು ಬೆಳಕಾ ಅಂತ ಶಟರ್ 1/250 ಸೆಕೆಂಡ್, ಲೆನ್ಸ್ ಕಿಂಡಿ ಎಫ್8 ಅನ್ನುತ್ತೆ, ಹಂಗೇ ತೆಗೆದ್ರೆ ಗೋಡೆ ಬೂದಿ ಬಣ್ಣ, ಮದುಮಗನ ಮುಖ ಮಸಿ. ಇಲ್ಲಿ ಎಫ್5.6 ಅಥವಾ ಎಫ್4ಕ್ಕೆ ತೆರೀಬೇಕು (ಎಫ್ ನಂಬರ್ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಅಂದ್ರೆ ಒಂದರಿಂದ ಎರಡು ಸ್ಟಾಪ್ ಪ್ಲಸ್. ಕಪ್ಪು ವಸ್ತು ಫ್ರೇಮ್ ತುಂಬಿದ್ರೆ ಇದೇ ಕಥೆ ಉಲ್ಟಾ. ಕಂಬಳದಲ್ಲಿ ಒದ್ದೆ ಮೈಯ ಕೋಣಗಳು ಹತ್ತಿರ ಬಂದು ಫ್ರೇಮ್ ತುಂಬಿದಾಗ ಮೀಟರ್ 1/250 ಅಂದ್ರೆ ನೀವು 1/500 ಇಡಿ, ಮೈ ಕಪ್ಪು ಕಪ್ಪಾಗೇ ಬರುತ್ತೆ, ಜೊತೆಗೆ ಕೆಸರು ನೀರು ಹಾರೋದೂ ಚೆನ್ನಾಗಿ ಫ್ರೀಜ್ ಆಗುತ್ತೆ.

ಬಿಳಿಗೆ ಪ್ಲಸ್, ಕಪ್ಪಿಗೆ ಮೈನಸ್. ಎಲ್ಲರೂ ಇಷ್ಟನ್ನೇ ಕಲಿತು ಇಲ್ಲಿಗೇ ನಿಲ್ಲಿಸ್ತಾರೆ, ರೋಲ್ ಹಾಳಾಗೋದು ಇಲ್ಲಿಂದಲೇ.

ರಂಗನತಿಟ್ಟಿಗೆ ಹೋಗಿ ನೋಡಿ. ಬಿಸಿಲಲ್ಲಿ ಬಂಡೆ ಮೇಲೆ ಬೆಳ್ಳಕ್ಕಿ ನಿಂತಿದೆ, ಹಿಂದೆ ಮರದ ನೆರಳು ಬಿದ್ದ ಕಪ್ಪು ನೀರು. ಹಕ್ಕಿ ಬಿಳಿ, ಹಾಗಾಗಿ ಪ್ಲಸ್ ಅಂದ್ರಾ? ಫ್ರೇಮ್‌ನಲ್ಲಿ ಹಕ್ಕಿ ಇರೋದು ಹೆಬ್ಬೆರಳಷ್ಟು, ಉಳಿದಿದ್ದೆಲ್ಲ ನೀರು. ಮೀಟರ್ ನೋಡ್ತಿರೋದು ಆ ನೀರನ್ನ, ಅದನ್ನ ಬೂದು ಮಾಡೋಕೆ ಹೊರಟಿದೆ. ಪ್ರೊವಿಯಾ 100 ಅನ್ನೋ ಸ್ಲೈಡ್ ಫಿಲಂ (ನೆಗೆಟಿವ್ ಅಲ್ಲದೆ ನೇರವಾಗಿ ಚಿತ್ರವೇ ಬರೋ ಫಿಲಂ) ಹಾಕಿದ್ದೀರಿ, ಮೀಟರ್ 1/125, ಎಫ್8 ಅಂತಿದೆ ಅಂದ್ಕೊಳ್ಳಿ. ಆದ್ರೆ ಸನ್ನಿ 16 ಲೆಕ್ಕ ಏನು ಹೇಳುತ್ತೆ? ಒಳ್ಳೇ ಬಿಸಿಲಲ್ಲಿ ಎಫ್16, ಶಟರ್ ಸ್ಪೀಡ್ ಐಎಸ್‌ಒ ನಂಬರ್‌ಗೆ ಹತ್ತಿರದ್ದು, ಅಂದ್ರೆ 1/125. ಎರಡು ಸ್ಟಾಪ್ ವ್ಯತ್ಯಾಸ! ಮೀಟರ್ ಮಾತು ಕೇಳಿದ್ರೆ ಹಕ್ಕಿ ಜಾಗದಲ್ಲಿ ರೆಕ್ಕೆಯ ಒಂದು ಗೆರೆನೂ ಇಲ್ಲದ ಬಿಳಿ ತೇಪೆ ಬರುತ್ತೆ, ಅದರ ಮೇಲೆ ನೀವು ಬಿಳಿ ಅಂತ ಪ್ಲಸ್ ಬೇರೆ ಕೊಟ್ಟಿದ್ರೆ ದೇವರೇ ಗತಿ. ಇಲ್ಲಿ ಮೈನಸ್ 2 ಬೇಕು. ಸ್ಲೈಡ್ ಆದ್ದರಿಂದ ಇನ್ನೂ ಅರ್ಧ ಸ್ಟಾಪ್ ಕಡಿಮೆ ಮಾಡಿದ್ರೂ ನಡೆಯುತ್ತೆ.

ರಾತ್ರಿ ಯಕ್ಷಗಾನಕ್ಕೂ ಇದೇ ನ್ಯಾಯ. ಹಿಂದೆ ಕತ್ತಲೆ ಪರದೆ, ಮುಂದೆ ಲೈಟ್ ಬಿದ್ದ ವೇಷ, ಸುಮ್ನೆ ಮೀಟರ್ ನಂಬಿದ್ರೆ ಮುಖವರ್ಣಿಕೆ ಎಲ್ಲ ತೊಳೆದು ಹೋಗುತ್ತೆ.

ನಿಮ್ಮ ಕ್ಯಾಮೆರಾದ ಮೀಟರ್ ಎಲ್ಲಿ ನೋಡುತ್ತೆ ಅಂತಾನೂ ತಿಳ್ಕೊಂಡಿರಿ. ನಿಕಾನ್ ಎಫ್ಎಂ2 ನಡುವಿನ 12 ಮಿ.ಮೀ. ವೃತ್ತಕ್ಕೆ 60% ಬೆಲೆ ಕೊಡುತ್ತೆ, ಆದ್ರಿಂದ ಆ ವೃತ್ತವನ್ನ ಮುಖದ ಮೇಲೋ ಪಕ್ಕದ ಹುಲ್ಲಿನ ಮೇಲೋ ಇಟ್ಟು ರೀಡಿಂಗ್ ತಗೊಂಡು, ಸೆಟ್ ಮಾಡಿ, ಆಮೇಲೆ ಫ್ರೇಮ್ ಮಾಡಿದ್ರೆ ಅರ್ಧ ಸಮಸ್ಯೆ ಮುಗೀತು. ಏನೂ ಸಿಗದಿದ್ರೆ ನಿಮ್ಮ ಅಂಗೈ ಇದೆಯಲ್ಲ. ಫೋಟೋ ತೆಗೆಯೋ ವಸ್ತುವಿನ ಮೇಲೆ ಬೀಳೋ ಅದೇ ಬೆಳಕಲ್ಲಿ ಅಂಗೈ ಹಿಡಿದು ಮೀಟರ್ ಮಾಡಿ ಒಂದು ಸ್ಟಾಪ್ ಜಾಸ್ತಿ ಕೊಡಿ, ಯಾಕಂದ್ರೆ ಅಂಗೈ ಸಾಮಾನ್ಯವಾಗಿ ಆ ಬೂದುಗಿಂತ ಒಂದು ಸ್ಟಾಪ್ ಬೆಳ್ಳಗಿರುತ್ತೆ. ಬಿಡಿಗಾಸಿನ ಖರ್ಚಿಲ್ಲದ ಈ ಉಪಾಯ ನನ್ನ ಪ್ರಕಾರ ಯಾವ ಆ್ಯಪ್‌ಗಿಂತಲೂ ಮೇಲು.

ಕಾಂಪನ್ಸೇಶನ್ ಕೊಡೋದು ಹೇಗೆ

ಎಫ್ಎಂ2, ಪೆಂಟಾಕ್ಸ್ ಕೆ1000 ಥರದ ಪೂರ್ತಿ ಮ್ಯಾನುಯಲ್ ಕ್ಯಾಮೆರಾಗಳಿಗೆ ಪ್ರತ್ಯೇಕ ಡಯಲ್ ಬೇಕಾಗೇ ಇಲ್ಲ, ಮೀಟರ್ ಹೇಳಿದ್ದಕ್ಕಿಂತ ಒಂದು ಹೆಜ್ಜೆ ಆಚೀಚೆ ಇಟ್ಟು ಬಟನ್ ಒತ್ತಿ. ನಿಕಾನ್ ಎಫ್ಇ2 ಥರದ್ದರಲ್ಲಿ ಆಟೋದಲ್ಲಿದ್ದಾಗ ಬಳಸೋಕೆ +2ರಿಂದ -2ರವರೆಗೆ ಗುರುತು ಇರೋ ರಿಂಗ್ ಇದೆ. ಕ್ಯಾನನ್ ಎಇ-1ರಲ್ಲಿ ಬ್ಯಾಕ್‌ಲೈಟ್ ಬಟನ್ ಒಂದಿದೆ, ಒತ್ತಿದ್ರೆ ಒಂದೂವರೆ ಸ್ಟಾಪ್ ಪ್ಲಸ್, ಮೈನಸ್‌ಗೆ ಏನೂ ಇಲ್ಲ. ಯಾಶಿಕಾ ಎಲೆಕ್ಟ್ರೋ 35ರಲ್ಲಿ ಇದ್ಯಾವುದೂ ಇಲ್ಲ, ಅಲ್ಲಿ ಎಎಸ್‌ಎ ಡಯಲ್‌ನೇ ಬಳಸ್ಕೋಬೇಕು, 400ರ ಫಿಲಂಗೆ ಪ್ಲಸ್ ಒಂದು ಬೇಕಂದ್ರೆ ಡಯಲ್ 200ಕ್ಕೆ, ಮೈನಸ್ ಒಂದು ಬೇಕಂದ್ರೆ 800ಕ್ಕೆ. ನಂಬರ್ ಇಳಿಸಿದ್ರೆ ಬೆಳಕು ಜಾಸ್ತಿ, ಇದು ತಲೆಗೆ ಉಲ್ಟಾ ಅನ್ಸುತ್ತೆ, ನಿಧಾನದ ಫಿಲಂ ಇದೆ ಅಂತ ಮೀಟರ್‌ಗೆ ಸುಳ್ಳು ಹೇಳ್ತಿದ್ದೀವಿ ಅಂದ್ಕೊಂಡ್ರೆ ಅರ್ಥ ಆಗುತ್ತೆ. ಫೋಟೋ ಆದ ಕೂಡಲೇ ಡಯಲ್ ವಾಪಸ್ ತನ್ನಿ.

ಎಷ್ಟು ನಿಖರವಾಗಿ ಕೊಡಬೇಕು ಅನ್ನೋದು ಫಿಲಂ ಮೇಲೆ ನಿಂತಿದೆ. ಕಲರ್ ನೆಗೆಟಿವ್ ಎರಡು ಸ್ಟಾಪ್ ಓವರ್ ಆದ್ರೂ ಸುಮ್ನೆ ನುಂಗ್ಕೊಳ್ಳುತ್ತೆ, ಅಂಡರ್ ಆದ್ರೆ ಮಾತ್ರ ನೆರಳೆಲ್ಲ ಕೆಸರು ಕೆಸರು. ಡೌಟ್ ಬಂದ್ರೆ ಪ್ಲಸ್ ಕಡೆಗೇ ವಾಲಿ. ಸ್ಲೈಡ್ ಫಿಲಂ ಹಂಗಲ್ಲ, ಅರ್ಧ ಸ್ಟಾಪ್ ಹೆಚ್ಚುಕಮ್ಮಿ ಆದ್ರೂ ಎದ್ದು ಕಾಣುತ್ತೆ, ಅಲ್ಲಿ ಡೌಟ್ ಬಂದ್ರೆ ಮೈನಸ್. ಬೀರುವಿನ ಮೂಲೇಲಿ ಡೇಟ್ ಮುಗಿದ ನೆಗೆಟಿವ್ ರೋಲ್ ಸಿಕ್ಕಿದ್ರೆ ಹತ್ತು ವರ್ಷಕ್ಕೆ ಒಂದು ಸ್ಟಾಪ್ ಪ್ಲಸ್ ಅನ್ನೋದು ರೂಢಿಯ ಲೆಕ್ಕ, ಗ್ಯಾರಂಟಿ ಏನಿಲ್ಲ.

ಪುಶ್, ಅಂದ್ರೆ ಫಿಲಂನ ಅದರ ಸ್ಪೀಡಿಗಿಂತ ಜಾಸ್ತಿ ಸ್ಪೀಡಿನದ್ದು ಅಂತ ತೆಗೆದು ಡೆವಲಪಿಂಗ್‌ನಲ್ಲಿ ಸರಿದೂಗಿಸೋದು, ಇದಕ್ಕಿಂತ ಬೇರೆ ವಿಷಯ, ಎರಡನ್ನೂ ಕಲಸಬೇಡಿ. ಯಕ್ಷಗಾನಕ್ಕೆ ಅಂತ ಎಚ್‌ಪಿ5ನ ಇಡೀ ರೋಲನ್ನ 1600ರಲ್ಲಿ ತೆಗೆದ್ರೆ ಡೆವಲಪ್ ಮಾಡುವಾಗ ಜಾಸ್ತಿ ಹೊತ್ತು ಬೇಕು. 20 ಡಿಗ್ರಿಯಲ್ಲಿ ಐಡಿ-11 ಡೆವಲಪರ್‌ನ ಸ್ಟಾಕ್‌ನಲ್ಲಿ (ಮತ್ತೆ ನೀರು ಬೆರೆಸದ ದ್ರಾವಣದಲ್ಲಿ) 400ಕ್ಕೆ ಏಳೂವರೆ ನಿಮಿಷ, 1600ಕ್ಕೆ 14 ನಿಮಿಷ. ಡೆವಲಪಿಂಗ್ ಇಡೀ ರೋಲ್‌ಗೆ ಒಂದೇ, ನಾಲ್ಕು ಫ್ರೇಮಿಗೆ ಮಾತ್ರ ಪುಶ್ ಮಾಡಿ ಅಂತ ಕೇಳಿದ್ರೆ ಲ್ಯಾಬಿನವರು ನಗ್ತಾರೆ. ಹೀಗೆ ತೆಗೆದ ರೋಲ್ ಮೇಲೆ ಸ್ಕೆಚ್ ಪೆನ್‌ನಲ್ಲಿ "1600, ಪುಶ್ 2" ಅಂತ ಬರೆದು ಕೊಡಿ. ಬಿಳಿ ಗೋಡೆಗೋಸ್ಕರ ಡಯಲ್‌ನ 200ಕ್ಕೆ ಇಳಿಸಿ ಬರೀ ಪ್ಲಸ್ ಒಂದು ಕೊಟ್ಟಿದ್ರೆ ಮಾತ್ರ ಏನೂ ಬರೀಬೇಡಿ, 200 ಅಂತ ನೋಡಿದ ಲ್ಯಾಬಿನವರು ಪುಲ್ ಮಾಡಿ ಡೆವಲಪಿಂಗ್ ಟೈಮ್ ಕಡಿಮೆ ಮಾಡಿಬಿಟ್ರೆ ಉಳಿದ ಫ್ರೇಮೆಲ್ಲ ಸಪ್ಪೆ ಆಗುತ್ತೆ.