ಕಾರು ಎರಡೇ ದಿನ, ಉಳಿದದ್ದು ಬಸ್ಸು–ರೈಲು: ಶ್ರೀಲಂಕಾ ಸುತ್ತಿದ ನನ್ನ ಅನುಭವ

ಶ್ರೀಲಂಕಾಗೆ ಹೋದರೆ ವಿಮಾನ ಇಳಿದಲ್ಲಿಂದ ಹತ್ತುವವರೆಗೂ ಕಾರು, ಡ್ರೈವರ್ ಇರಲೇಬೇಕು. ಅರವತ್ತು ದಾಟಿದವರು ಜೊತೆಗಿದ್ದರೆ ಬಸ್ಸು–ರೈಲಿನ ಮಾತೇ ಎತ್ತಬೇಡಿ. ನಾನು ಕೇಳಿದವರೆಲ್ಲ ಹೇಳಿದ್ದು ಇದನ್ನೇ. ನಾವು ನಾಲ್ಕು ಜನ, ಅದರಲ್ಲಿಬ್ಬರು ಹಿರಿಯರು, ಬಂಡೆಕೋಟೆಯ ಸಿಗಿರಿಯದಿಂದ ದಕ್ಷಿಣ ಕಡಲತೀರದ ಗಾಲೆವರೆಗೆ ಸುತ್ತಿದೆವು. ದೂರಕ್ಕೆ ಕಾರು ಹಿಡಿದದ್ದು ಎರಡೇ ಕಡೆ. ಒಟ್ಟು ಖರ್ಚು ಏಜೆಂಟರ ಕೊಟೇಶನ್ನಿನ ಅರ್ಧಕ್ಕಿಂತ ತುಸು ಮೇಲೆ ಬಂತು. ವೀಸಾ, ಸಿಮ್ಮು, ರೂಮ್ ಬುಕಿಂಗ್ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಹೆಚ್ಚಿನ ಪ್ಲಾನುಗಳು ಕೆಡುವುದು ಕಿಲೋಮೀಟರ್ ನೋಡಿ ಹಾಕುವುದರಿಂದ. ಕ್ಯಾಂಡಿಯಿಂದ ನುವರ ಎಲಿಯಕ್ಕೆ 77 ಕಿ.ಮೀ. ಅಷ್ಟೇ, ಆದರೆ ಬಸ್ಸಿಗೆ ಮೂರು ಗಂಟೆ ಬೇಕು. ಚಾರ್ಮಾಡಿಯನ್ನು ಎರಡು ಸಲ ಹತ್ತಿ ಇಳಿದ ಹಾಗೆ. ನಾನು ಇಟ್ಟುಕೊಂಡ ಲೆಕ್ಕ: ಬಯಲಿನಲ್ಲಿ ಗಂಟೆಗೆ 35–40 ಕಿ.ಮೀ., ಬೆಟ್ಟದಲ್ಲಿ 25. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಪ್ರಯಾಣ ಬೇಡ, ಒಂದೊಂದು ಊರಲ್ಲಿ ಕನಿಷ್ಠ ಎರಡು ರಾತ್ರಿ. ಒಂದೊಂದೇ ರಾತ್ರಿ ಇಟ್ಟ ಪಟ್ಟಿ ಕಾಗದದ ಮೇಲೆ ಎಂಟು ಊರು ತೋರಿಸುತ್ತದೆ, ಆದರೆ ಅರ್ಧ ದಿನ ಬ್ಯಾಗ್ ತುಂಬುವುದರಲ್ಲಿ, ಇನ್ನರ್ಧ ಚೆಕ್‌ಇನ್‌ಗೆ ಕಾಯುವುದರಲ್ಲಿ ಹೋಗುತ್ತದೆ.

ಕೆಡುವ ಇನ್ನೊಂದು ಸಾಮಾನ್ಯ ಪ್ಲಾನ್, ಕ್ಯಾಂಡಿಯಲ್ಲೇ ಉಳಿದು ಸಿಗಿರಿಯಕ್ಕೆ ಒಂದು ದಿನ ಹೋಗಿಬರುವುದು. ಹೋಗಲು ಮೂರು ಗಂಟೆ, ಬರಲು ಮೂರು. ಬಂಡೆಯ ಬುಡ ಮುಟ್ಟುವಾಗ ಹತ್ತೂವರೆ, ನೆತ್ತಿ ಸುಡುವ ಬಿಸಿಲು. ಚಿತ್ರಗಳಿರುವ ಗುಹೆಗೆ ಹೋಗುವ ಸುರುಳಿ ಮೆಟ್ಟಿಲಲ್ಲಿ ಸಾಲು ನಿಂತಲ್ಲೇ ನಿಂತಿರುತ್ತದೆ. ಸುಮಾರು 1,200 ಮೆಟ್ಟಿಲು ಅಲ್ಲಿ. ಅದಕ್ಕೇ ಕಟುನಾಯಕ ವಿಮಾನ ನಿಲ್ದಾಣದಿಂದ ಕೊಲಂಬೊ ಕಡೆ ತಿರುಗಲೇಬೇಡಿ. ಕುರುನೇಗಲ, ದಂಬುಲ್ಲ ಮೇಲೆ ನೇರ ಸಿಗಿರಿಯಕ್ಕೆ ಹೋಗಿ. ಕಾರು ಹಿಡಿದ ಮೊದಲ ಕಡೆ ಇದು. ನಾಲ್ಕು ಗಂಟೆ, ಹದಿನೆಂಟು–ಇಪ್ಪತ್ತು ಸಾವಿರ ಲಂಕಾ ರೂಪಾಯಿ ಕೊಟ್ಟ ನೆನಪು. ನಮ್ಮ ಒಂದು ರೂಪಾಯಿಗೆ ಅಲ್ಲಿಯ ಮೂರೂವರೆ ಅಂತ ಹಿಡಿದರೆ ತಲಾ ಸಾವಿರದ ನಾನೂರರ ಸುಮಾರು. ವಿಮಾನದ ಆಯಾಸದ ಮೇಲೆ ಎರಡು ಬಸ್ಸು ಬದಲಿಸುವುದಕ್ಕಿಂತ ಇದು ಸಲೀಸು.

ಮರುದಿನ ಬೆಳಿಗ್ಗೆ ಗೇಟ್ ತೆರೆಯುವ ಹೊತ್ತಿಗೇ ಕೌಂಟರಿನಲ್ಲಿರಿ, ಪಾಸ್‌ಪೋರ್ಟ್ ಕೈಯಲ್ಲಿರಲಿ. ನಮ್ಮಂಥ ಸಾರ್ಕ್ ದೇಶದವರಿಗೆ ಬೇರೆ ದರವಿದೆ, ವಿದೇಶಿ ದರದ ಅರ್ಧದ ಹತ್ತಿರ. ಕೇಳದಿದ್ದರೆ ಪೂರ್ತಿ ದರದ ಟಿಕೆಟ್ಟೇ ಕೈಗೆ ಬರಬಹುದು. ಮಂಡಿ ನೋವಿದ್ದವರು ದಾರಿಯ ನಡುವೆ ಸಿಗುವ ಸಿಂಹಪಾದದ ಅಂಗಳದವರೆಗೆ ಬಂದು ಕೂತರೂ ಸಾಕಷ್ಟು ನೋಡಿದಂತೆ. ಬಂಡೆಯ ಮೇಲೆ ಹೆಜ್ಜೇನಿನ ಗೂಡುಗಳಿವೆ, ಗದ್ದಲ ಬೇಡ ಎಂದು ಬೋರ್ಡ್ ಹಾಕಿರುವುದು ಸುಮ್ಮನೆ ಅಲ್ಲ. ಸಂಜೆ ಎದುರಿನ ಪಿದುರಂಗಲ ಹತ್ತಿದರೆ ಸಿಗಿರಿಯ ಪೂರ್ತಿ ಕಾಣುತ್ತದೆ, ಟಿಕೆಟ್ಟೂ ಕಡಿಮೆ. ಆದರೆ ಕೊನೆಯಲ್ಲಿ ಬಂಡೆಗಳ ಸಂದಿಯಲ್ಲಿ ಕೈ ಊರಿ ಏರಬೇಕು, ಹಿರಿಯರಿಗೆ ಅಲ್ಲ. ದಂಬುಲ್ಲದ ಗುಹಾ ದೇವಾಲಯವನ್ನು ಕ್ಯಾಂಡಿಗೆ ಹೋಗುವ ದಿನ ಮುಗಿಸಿ, ಜೊತೆಗೆ ಸಾಕ್ಸ್ ಇರಲಿ. ಚಪ್ಪಲಿ ಬಿಟ್ಟು ಕಾದ ಕಲ್ಲಿನ ಮೇಲೆ ನಡೆಯಬೇಕಾಗುತ್ತದೆ, ಸಾಕ್ಸ್ ಹಾಕಿಕೊಂಡೇ ಒಳಗೆ ಹೋಗಬಹುದು.

ದಂಬುಲ್ಲ–ಕ್ಯಾಂಡಿ ಬಸ್ಸು ಒಂದರ ಹಿಂದೆ ಒಂದು ಸಿಗುತ್ತದೆ, ಎರಡೂವರೆ ಗಂಟೆ. ಕೆಂಪು ಬಸ್ಸು ಸರಕಾರಿ, ಉಳಿದವು ಖಾಸಗಿ. ಡಿಕ್ಕಿ ಇರುವ ಬಸ್ಸು ಅಪರೂಪ, ದೊಡ್ಡ ಸೂಟ್‌ಕೇಸ್ ತಂದರೆ ಖಾಸಗಿಯವರು ಅದಕ್ಕೂ ಒಂದು ಸೀಟಿನ ಹಣ ಕೇಳುತ್ತಾರೆ. ತಲಾ ಎಂಟು ಕಿಲೋ ಮೀರದ ಬೆನ್ನುಚೀಲ ಎಂದು ಮೊದಲೇ ಕಟ್ಟುನಿಟ್ಟು ಮಾಡಿ. ಈ ಪದ್ಧತಿ ನಿಂತಿರುವುದೇ ಅದರ ಮೇಲೆ. ಮುಂದಿನ ಸೀಟು ಬೌದ್ಧ ಭಿಕ್ಷುಗಳಿಗೆ ಮೀಸಲು, ಖಾಲಿ ಇದೆಯೆಂದು ಕೂರಬೇಡಿ. ದಾರಿಯಲ್ಲಿ ಮಾತಲೆಯ ಮಸಾಲೆ ತೋಟಗಳಿಗೆ ಇಳಿಯುವ ಅಗತ್ಯ ನಮಗಂತೂ ಇಲ್ಲ. ಮೆಣಸು, ಏಲಕ್ಕಿ ನಮ್ಮಲ್ಲೇ ಬೆಳೆಯುತ್ತದೆ, ಅಲ್ಲಿನ ಎಣ್ಣೆ–ಪುಡಿಯ ಬೆಲೆ ಕಮಿಷನ್ ಸೇರಿಸಿದ ಬೆಲೆ.

ಈಗ ರೈಲು. ಎಲ್ಲರೂ ಸೋಲುವುದು ಇಲ್ಲೇ. ಕ್ಯಾಂಡಿಯಿಂದ ‘ಎಲ್ಲಾ’ ಊರಿನ ರೈಲಿಗೆ ಬುಕಿಂಗ್ ತೆರೆಯುವುದು 30 ದಿನ ಮೊದಲು, ಮುಗಿಯುವುದು ನಿಮಿಷಗಳಲ್ಲಿ. ಆಮೇಲೆ ಅದೇ ಸೀಟು ಮಧ್ಯವರ್ತಿಗಳ ಹತ್ತಿರ ನಾಲ್ಕೈದು ಪಟ್ಟು ದರಕ್ಕೆ. ಟಿಕೆಟ್ ಸಿಕ್ಕವರೂ ಏಳು ಗಂಟೆಯ ಪ್ರಯಾಣದಲ್ಲಿ ಮೊದಲರ್ಧ ಕಿಟಕಿಗೆ ಅಂಟಿಕೊಂಡು, ನಿಜವಾದ ನೋಟ ಬರುವಾಗ ತೂಕಡಿಸುತ್ತಿರುತ್ತಾರೆ. ಎ.ಸಿ. ಬೋಗಿಯಲ್ಲಂತೂ ಕಿಟಕಿ ತೆರೆಯುವುದಿಲ್ಲ, ಗಾಜಿನ ಪ್ರತಿಬಿಂಬವೇ ಫೋಟೊ ತುಂಬ.

ನಾನು ಮಾಡಿದ್ದು: ಕ್ಯಾಂಡಿಯಿಂದ ನುವರ ಎಲಿಯಕ್ಕೆ ಬಸ್ಸು. ರಂಬೊಡ ಜಲಪಾತ, ಚಹಾ ತೋಟ ಎಲ್ಲವೂ ಆ ರಸ್ತೆಯಲ್ಲೇ ಇವೆ. ಅಲ್ಲಿ ಎರಡು ರಾತ್ರಿ. ಆಮೇಲೆ ಹತ್ತಿರದ ನಾನು ಓಯ ನಿಲ್ದಾಣದಿಂದ ರೈಲು ಹತ್ತಿ ‘ಎಲ್ಲಾ’ಗೆ. ಮೂರು ಗಂಟೆಯ ಆಸುಪಾಸು, ಪಟ್ಟಿಪೊಲ, ಓಹಿಯ, ಇದಲ್‌ಗಶಿನ್ನ, ಹಪುತಲೆ ಪೂರ್ತಿ ಆ ಮೂರು ಗಂಟೆಯಲ್ಲೇ. ನುವರ ಎಲಿಯಕ್ಕೆ ಬಂದವರು ನಾನು ಓಯದಲ್ಲಿ ದಂಡುಗಟ್ಟಿ ಇಳಿಯುವುದರಿಂದ ರಿಸರ್ವೇಶನ್ ಇಲ್ಲದ ಬೋಗಿಯಲ್ಲೂ ಜಾಗ ಬಿಡುತ್ತದೆ. ರೈಲು ಬರುವ ಒಂದು ಗಂಟೆ ಮೊದಲೇ ಕೌಂಟರಿಗೆ ಹೋಗಿ, ಆ ಬೋಗಿಗಳು ಎಲ್ಲಿ ನಿಲ್ಲುತ್ತವೆಂದು ಪೋರ್ಟರರನ್ನು ಕೇಳಿ, ಇಳಿಯುವವರಿಗೆ ದಾರಿ ಬಿಟ್ಟು ಕೂಡಲೇ ಹತ್ತಿ. ನಾಲ್ವರ ಎರಡನೇ ದರ್ಜೆ ಟಿಕೆಟ್ ಸೇರಿಸಿದರೂ ಒಂದು ಒಳ್ಳೆಯ ಊಟದ ದುಡ್ಡಾಗಲಿಲ್ಲ. ರಿಸರ್ವ್ ಸೀಟೇ ಬೇಕೆಂದರೆ ಬುಕಿಂಗಿನಲ್ಲಿ ಇನ್ನೊಂದು ದಾರಿಯಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದ ವಾರಕ್ಕೆ ಅದೂ ಭರ್ತಿಯಾಗುತ್ತದೆ.

ಒಂದು ಎಚ್ಚರಿಕೆ. 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತ ಈ ಬೆಟ್ಟದ ಹಳಿಗೆ ದೊಡ್ಡ ಪೆಟ್ಟು ಕೊಟ್ಟಿತು. ಯಾವ ನಿಲ್ದಾಣದಿಂದ ಯಾವ ನಿಲ್ದಾಣದವರೆಗೆ ರೈಲು ಓಡುತ್ತಿದೆ ಎಂದು ಖಚಿತ ಮಾಡಿಕೊಂಡೇ ರೂಮು ಹಿಡಿಯಿರಿ. ಓಡದ ಭಾಗವನ್ನು ಬಸ್ಸಿಗೆ ಬದಲಿಸಿದರೆ ಉಳಿದ ಪ್ಲಾನ್ ಹಾಗೇ ನಿಲ್ಲುತ್ತದೆ.

ನುವರ ಎಲಿಯದಲ್ಲಿರುವಾಗ ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ವ್ಯಾನ್ ಹೇಳಿ, ಬೆಳಗಿನ ಐದಕ್ಕೇ ಹೊರಡಿ. ಅಲ್ಲಿನ ‘ವರ್ಲ್ಡ್ಸ್ ಎಂಡ್’ ಪ್ರಪಾತದ ಅಂಚಿನಲ್ಲಿ ಒಂಬತ್ತು–ಹತ್ತರ ಹೊತ್ತಿಗೆ ಮಂಜು ಏರಿ ಬಿಳಿ ಗೋಡೆ ನಿಲ್ಲುತ್ತದೆ, ಆಮೇಲೆ ಹೋದವರು ಟಿಕೆಟ್ ಹಣ ಮಂಜಿಗೆ ಕೊಟ್ಟಂತೆ. ಸುತ್ತು ಒಂಬತ್ತು ಕಿ.ಮೀ., ಮೂರು ಗಂಟೆ ನಡಿಗೆ. ಗೇಟಿನಲ್ಲಿ ಚೀಲ ತೆಗೆಸಿ ಪ್ಲಾಸ್ಟಿಕ್ ಕವರ್ ಕಿತ್ತಿಟ್ಟುಕೊಳ್ಳುತ್ತಾರೆ, ಬಿಸ್ಕತ್ತನ್ನು ಡಬ್ಬಿಗೆ ಹಾಕಿಕೊಂಡು ಹೋಗಿ.

‘ಎಲ್ಲಾ’ದಲ್ಲಿ ಒಂದು ಪ್ರಯೋಗ ಮಾಡಿದೆ, ಬಹಳ ಇಷ್ಟವಾಯಿತು. ಒಂಬತ್ತು ಕಮಾನಿನ ಸೇತುವೆ ಇರುವುದು ‘ಎಲ್ಲಾ’ ನಿಲ್ದಾಣ ದಾಟಿದ ಮೇಲೆ, ದೆಮೋದರದ ಕಡೆ. ಕ್ಯಾಂಡಿ ಕಡೆಯಿಂದ ಬಂದು ‘ಎಲ್ಲಾ’ದಲ್ಲಿ ಇಳಿದವರು ಆ ಸೇತುವೆಯ ಮೇಲೆ ಹೋಗಿಯೇ ಇರುವುದಿಲ್ಲ. ಬದುಳ್ಳಕ್ಕೆ ಮೂರನೇ ದರ್ಜೆ ಟಿಕೆಟ್ ತೆಗೆದುಕೊಳ್ಳಿ, ಒಂದು ಗಂಟೆ ದಾರಿ. ಸೇತುವೆ ದಾಟುತ್ತೀರಿ, ದೆಮೋದರದಲ್ಲಿ ಹಳಿ ಸುತ್ತು ಹಾಕಿ ತಾನು ಬಿಟ್ಟ ನಿಲ್ದಾಣದ ಅಡಿಯ ಸುರಂಗದಲ್ಲೇ ನುಗ್ಗುತ್ತದೆ. ಬದುಳ್ಳದಲ್ಲಿ ಆಟೊ ಹಿಡಿದು ದುನ್‌ಹಿಂದ ಜಲಪಾತ ನೋಡಿ ಬಸ್ಸಿನಲ್ಲಿ ವಾಪಸ್.

ಎರಡನೇ ಕಾರು ‘ಎಲ್ಲಾ’ದಿಂದ ದಕ್ಷಿಣ ಕರಾವಳಿಗೆ, ಇಪ್ಪತ್ತೈದು ಸಾವಿರ ಲಂಕಾ ರೂಪಾಯಿಯ ಒಳಗೆ. ಬಸ್ಸಿನಲ್ಲೂ ಹೋಗಬಹುದು, ಆದರೆ ಕಾರಿದ್ದರೆ ಉಡವಲವೆಯಲ್ಲಿ ತಾಯಿ ಇಲ್ಲದ ಆನೆಮರಿಗಳಿಗೆ ಹಾಲು ಕುಡಿಸುವುದನ್ನು ನೋಡಿ ಮುಂದುವರಿಯಬಹುದು. ಹಾಲು ಕುಡಿಸುವ ಹೊತ್ತು ಮೊದಲೇ ಕೇಳಿಕೊಂಡು ಹೊರಟರೆ ಆರಾಮ. ಸಫಾರಿಯನ್ನೂ ಅದೇ ದಿನಕ್ಕೆ ತುರುಕಿದರೆ ಕರಾವಳಿಯ ಮಿರಿಸ್ಸ ಮುಟ್ಟುವುದು ಕತ್ತಲಾದ ಮೇಲೆ.

ಸಸ್ಯಾಹಾರಿಗಳಿಗೆ: ‘ವೆಜ್’ ಎಂದರೆ ಸಾಲದು. ತೆಂಗಿನಕಾಯಿಯ ಪೊಲ್ ಸಂಬೋಲ, ಸೊಪ್ಪಿನ ಮಲ್ಲುಂಗ್, ಶಾವಿಗೆಯಂಥ ಇಂದಿಯಾಪ್ಪದ ಜೊತೆ ಬರುವ ತೆಂಗಿನಹಾಲಿನ ಸಾರು, ಮೂರರಲ್ಲೂ ಒಣಮೀನಿನ ಪುಡಿ ಇರಬಹುದು. ಅದರ ಹೆಸರು ಉಂಬಲಕಡ. “ಉಂಬಲಕಡ ಎಪಾ, ಮಾಳು ಎಪಾ” (ಉಂಬಲಕಡ ಬೇಡ, ಮೀನು ಬೇಡ) ಎಂದು ಸಿಂಹಳದಲ್ಲಿ ಹೇಳಿದರೆ ಅಡುಗೆಮನೆಯವರೆಗೂ ಮಾತು ಮುಟ್ಟುತ್ತದೆ. ತಮಿಳರ ಸೈವ ಹೋಟೆಲ್ ಕಂಡರೆ ಕಣ್ಣುಮುಚ್ಚಿ ಹೋಗಿ.

ತಿಂಗಳು ಆರಿಸುವಾಗ ಈ ಸುತ್ತಿಗೆ ಜನವರಿ ನಡುವಿನಿಂದ ಮಾರ್ಚ್ ಸರಿ. ಮೇಯಿಂದ ಸೆಪ್ಟೆಂಬರ್ ನೈಋತ್ಯ ಮಳೆ. ಆಗ ಗಾಲೆ ಬಿಟ್ಟು ಸಿಗಿರಿಯ ಹತ್ತಿರದ ಹಬರಣದಿಂದ ಟ್ರಿಂಕೋಮಲಿ ಕಡೆ ತಿರುಗಿ, ಪೂರ್ವದ ಕಡಲು ಆಗ ಶಾಂತ. ಪ್ರತಿ ಹುಣ್ಣಿಮೆಗೂ ಅಲ್ಲಿ ಪೋಯಾ ರಜೆ, ಬಸ್ಸು–ರೈಲು ಕಿಕ್ಕಿರಿದಿರುತ್ತವೆ. ಆ ದಿನ ಊರು ಬದಲಿಸಬೇಡಿ. ಏಪ್ರಿಲ್ 13–14ರ ಹೊಸವರ್ಷದ ಆಚೀಚೆ ಅಂಗಡಿ ಬಾಗಿಲೂ ಹಾಕಿರುತ್ತದೆ.

ಗಾಲೆಯಿಂದ ಕೊಲಂಬೊಗೆ ಕಡಲಂಚಿನ ರೈಲು ಎರಡೂವರೆ ಗಂಟೆ. ಹೊರಟಾಗ ಎಡಗಡೆ ಕಿಟಕಿ ಹಿಡಿಯಿರಿ. ವಿಮಾನ ತಡರಾತ್ರಿಯಾದರೆ ಕೊಲಂಬೊ ಫೋರ್ಟ್‌ನಲ್ಲಿ ಇಳಿದು ಅರ್ಧ ದಿನ ಪೇಟೆ ಸುತ್ತಬಹುದು. ಬೆಳಗಿನ ವಿಮಾನವಾದರೆ ಕೊನೆಯ ರಾತ್ರಿ ನೆಗೊಂಬೊದಲ್ಲಿ ಇರಲಿ, ಅಲ್ಲಿಂದ ನಿಲ್ದಾಣಕ್ಕೆ ಆಟೊದಲ್ಲಿ ಅರ್ಧ ಗಂಟೆ ಸಾಕು.